ಎರಡು ಮಣಿ, ಒಂದೇ ಹೆಸರು

ಮೀನಿನ ಬುಟ್ಟಿ ಇಳಿಸುವ ಮೊದಲೇ ಲಲಿತಾ ಸುದ್ದಿ ಹೇಳಿದಳು. ಕಾಪುವಿನಿಂದ ಬಸ್ಸು ಹತ್ತಿ ಮಣಿಪಾಲದ ನಮ್ಮ ಓಣಿಗೆ ಬರುವ ಅವಳ ಬಾಯಲ್ಲಿ ದಿನಕ್ಕೊಂದು ಮದುವೆಯೋ ಸಾವೋ ಇದ್ದೇ ಇರುತ್ತದೆ.

“ಬಾಯಮ್ಮಾ, ನಮ್ಮ ಹಸನಬ್ಬ ಬ್ಯಾರಿ ತೀರಿಹೋದರಂತೆ. ಇವತ್ತು ಬೆಳಿಗ್ಗೆ.”

“ಯಾವ ಹಸನಬ್ಬ?”

“ಯಾವ ಅಂದರೆ ಎಂತ? ಮಸೀದಿ ಹತ್ತಿರದವರು. ಬಂಗುಡೆ ಬೇಕಾ ಬೇಡವಾ?”

“ಟೈಲರಾ, ದುಬೈಗೆ ಹೋಗಿದ್ದವರಾ?”

“ಅದೆಲ್ಲ ಮಸೀದಿಯ ಮೈಕಿನಲ್ಲಿ ಹೇಳುತ್ತಾರಾ ಬಾಯಮ್ಮ? ಹೆಸರು ಹೇಳಿದರು, ನಾನು ಬಸ್ಸು ಹತ್ತಿದೆ.”

ಬಂಗುಡೆ ಬೇಡ ಎಂದೆ. ಒಳಗೆ ಬಂದು ಸಂತ ಅಂತೋನಿಯ ಗೂಡಿನಲ್ಲಿ ಮೇಣದಬತ್ತಿ ಹಚ್ಚುವಾಗ ಕರಗಿದ ಮೇಣ ಸಂತನ ಇಮೇಜಿನ, ಆ ಸಣ್ಣ ಮೂರ್ತಿಯ, ಕೆಳಗೆ ಹಾಸಿದ ಕಾಗದದ ಮೇಲೆ ಬಿತ್ತು. ಒರೆಸಲೆಂದು ಕಾಗದ ಎತ್ತಿದಾಗ ಆ ವಾಸನೆ ಬಂತು. ಹಳೆಯ ಮಸಿ, ಮಳೆಗಾಲದ ಮುಗ್ಗಲು, ಅದರ ಜೊತೆ ಸ್ವಲ್ಪ ಡೆಟ್ಟಾಲ್. ಡೆಟ್ಟಾಲ್ ನನ್ನ ಭ್ರಮೆ ಇರಬಹುದು, ಆದರೆ ನನಗೆ ಬಂದದ್ದು ಹಾಗೆಯೇ. ಹಸಿರು ಬಿಳಿ ಪಟ್ಟೆಯ, ಎರಡು ಅಂಚಿಗೂ ಸಾಲಾಗಿ ತೂತುಗಳಿರುವ ಕಂಪ್ಯೂಟರಿನ ಕಾಗದ ಅದು. ಅದರ ಮೇಲೆ ಏಳು ಸಾಲು ಅಚ್ಚಾಗಿದೆ. ಕೊನೆಯ ಎರಡು ಸಾಲು ಅಕ್ಷರಕ್ಕೆ ಅಕ್ಷರ ಒಂದೇ.

ಎಂಬತ್ತೆಂಟನೆಯ ಇಸವಿಯ ಜೂನ್. ನನ್ನ ಮಗಳು ಜಿನ್ನಿಗೆ ಆಗ ಹನ್ನೊಂದು ವರ್ಷ, ಆರನೇ ಕ್ಲಾಸಿಗೆ ಹೋಗಬೇಕಿತ್ತು. ಅವಳ ಯೂನಿಫಾರ್ಮಿನ ನೀಲಿ ಬಟ್ಟೆ ಮೇ ತಿಂಗಳಲ್ಲೇ ಮನೆಗೆ ಬಂದಿತ್ತು. ಹೊಲಿಯಲು ಕೊಟ್ಟಿರಲಿಲ್ಲ. ನೆರೆಯವರಿಗೆ ಟೈಲರಿಗೆ ಪುರುಸೊತ್ತಿಲ್ಲ ಎಂದು ಹೇಳಿದೆ. ನಿಜ ಎಂತ ಎಂದರೆ, ಆ ಬಟ್ಟೆಗೆ ಕತ್ತರಿ ಹಾಕಿಸಲು ನನಗೆ ಧೈರ್ಯ ಇರಲಿಲ್ಲ. ಕತ್ತರಿಸಿದ ಮೇಲೆ ತೊಡುವವಳು ಇಲ್ಲದಿದ್ದರೆ?

ಹುಟ್ಟಿದಾಗಿನಿಂದ ಅವಳ ಕಣ್ಣು ಆಗಾಗ ಹಳದಿಯಾಗುತ್ತಿತ್ತು. ಆ ವರ್ಷ ಮಳೆ ಹಿಡಿದ ಮೊದಲ ವಾರವೇ ಜ್ವರ ಬಂತು, ಜ್ವರದ ಹಿಂದೆ ಮುಖ ಬಿಳಿಚಿತು, ತುಟಿಯೂ ಬಿಳಿಚಿತು. ಮಣಿಪಾಲದ ಆಸ್ಪತ್ರೆಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಗುಲ್ಮ ದೊಡ್ಡದಾಗಿದೆ, ಅದೇ ಅವಳ ರಕ್ತವನ್ನು ಒಡೆದು ತಿನ್ನುತ್ತಿದೆ, ಅದನ್ನು ತೆಗೆಯದೆ ಬೇರೆ ದಾರಿ ಇಲ್ಲ ಎಂದರು. ಅವಳದ್ದು ಓ ನೆಗೆಟಿವ್. ನನ್ನದೂ ನನ್ನ ಗಂಡನದ್ದೂ ಪಾಸಿಟಿವ್. ಹೊಟ್ಟೆಯಲ್ಲಿ ಹೊತ್ತು ಹೆತ್ತ ಮಗುವಿಗೆ ನನ್ನ ಒಂದು ಹನಿ ರಕ್ತ ಆಗಿಬರುವುದಿಲ್ಲ ಎಂದು ಆ ದಿನ ತಿಳಿಯಿತು. ಆಸ್ಪತ್ರೆಯಲ್ಲಿ ಇದ್ದ ಎರಡು ಬಾಟ್ಲಿ ಮೊದಲ ದಿನವೇ ಅವಳಿಗೆ ಏರಿತು. ಆಮೇಲೆ ಮುಗಿಯಿತು.

“ಶುಕ್ರವಾರ ಬೆಳಿಗ್ಗೆ ಮಾಡುತ್ತೇನೆ,” ಎಂದರು ಡಾಕ್ಟರು. “ಅದಕ್ಕಿಂತ ಮುಂದೆ ಹಾಕಿದರೆ ಅವಳು ತಡೆಯುವುದಿಲ್ಲ. ಆದರೆ ಮೂರು ಬಾಟ್ಲಿ ಕೈಯಲ್ಲಿ ಇಲ್ಲದೆ ನಾನು ಕತ್ತಿ ಹಿಡಿಯುವುದಿಲ್ಲಮ್ಮ. ಮೂರು ಜನರನ್ನು ತನ್ನಿ.”

ಅದು ಸೋಮವಾರ.

ನಾನು ಶಿರ್ವದ ಹುಡುಗಿ, ದಿನಾ ಸಂಜೆ ತೇರ್ಸ, ಅಂದರೆ ಜಪಸರದ ಪ್ರಾರ್ಥನೆ, ಹೇಳಿಕೊಂಡೇ ಬೆಳೆದವಳು. ಜಪಸರದ ಮಣಿ ದೂಡುತ್ತಾ ದೇವರು ಕೊಟ್ಟದ್ದನ್ನು ಎಣಿಸುವುದು ನನಗೆ ಅಮ್ಮ ಕಲಿಸಿದ ಅಭ್ಯಾಸ. ಆ ಸೋಮವಾರವೂ ಎಣಿಸಿದೆ. ವಾರ್ಡಿನಲ್ಲಿ ಕಿಟಕಿ ಬದಿಯ ಮಂಚ ಸಿಕ್ಕಿತು, ಒಂದು. ನರ್ಸ್ ಕೇಳದೆಯೇ ಬಿಸಿನೀರು ಕೊಟ್ಟಳು, ಎರಡು. ಮೂರನೆಯ ಮಣಿಗೆ ಏನೂ ನೆನಪಾಗಲಿಲ್ಲ. ಮಗು ಕೇಳಿತು, “ಮಮ್ಮಿ, ನನ್ನ ರಕ್ತ ಅಂಗಡಿಯಲ್ಲಿ ಸಿಗುವುದಿಲ್ಲವಾ?”

“ಸಿಗುತ್ತದೆ ಮಗಾ, ಸ್ವಲ್ಪ ಹುಡುಕಬೇಕು.”

“ಎಲ್ಲಿ?”

ಎಲ್ಲಿ ಎಂದು ನನಗೆ ಗೊತ್ತಿದ್ದರೆ ಅಲ್ಲವೇ. ಬಸ್ಸಿನಲ್ಲಿ ಕುಳಿತರೆ ಜನರ ಮುಖ ನೋಡುವುದು ಬಿಟ್ಟು ಮೊಣಕೈಯ ನರ ನೋಡುತ್ತಿದ್ದೆ. ಕಂಬಿ ಹಿಡಿದು ನಿಂತ ಗಟ್ಟಿಮುಟ್ಟಾದ ಗಂಡಸರನ್ನು ಕಂಡರೆ, ಇವರಲ್ಲಿ ಯಾರೊಳಗೋ ನನ್ನ ಮಗಳ ಜೀವ ಹರಿಯುತ್ತಿದೆ, ಟಿಕೇಟು ತೆಗೆದು ಇಳಿದು ಹೋಗಿಬಿಡುತ್ತಾನೆ ಎಂದು ಅನಿಸುತ್ತಿತ್ತು. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ಎಂದು ಅಂತೋನಿಯನ್ನು ನಂಬಿದವಳು ನಾನು. ಮನೆಗೆ ಬಟ್ಟೆ ತರಲು ಹೋದಾಗ ಅವನಿಗೆ ನೇರವಾಗಿ ಹೇಳಿದೆ. ಮೂರು ಜನರನ್ನು ಹುಡುಕಿಕೊಡುವವರೆಗೆ ನಿನ್ನ ಮುಖ ನನಗೆ ಬೇಡ. ಇಮೇಜನ್ನು ಗೋಡೆಗೆ ಮುಖ ಮಾಡಿ ಇಟ್ಟೆ. ಪಾಪ ಎಂದು ಗೊತ್ತಿತ್ತು. ಇಟ್ಟೆ.

ಅದನ್ನು ನೋಡಿದವಳು ವಸುಧಾ. ನಮ್ಮ ಮನೆಯ ಹೊರಗಿನ ಕೋಣೆಯಲ್ಲಿ ಇದ್ದ ಕಾರ್ಕಳದ ಹುಡುಗಿ. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು, ಕಲಿಯುವವರಿಗಿಂತ ಎರಡೋ ಮೂರೋ ವರ್ಷ ದೊಡ್ಡವಳು ಅಷ್ಟೆ. ನಾನು ಅವಳನ್ನು ಟೀಚರ್ ಎನ್ನುತ್ತಿದ್ದೆ, ಅವಳು ನನ್ನನ್ನು ಆಂಟಿ ಎನ್ನುತ್ತಿದ್ದಳು.

“ಆಂಟಿ, ಸಂತನ ಮೇಲೆ ಸಿಟ್ಟು ಬಿಡಿ. ನನ್ನ ಹತ್ತಿರ ರಕ್ತ ಕೊಡುವವರ ಪಟ್ಟಿ ಉಂಟು. ಮೂರುಂಟು.”

ಅವಳು ತನ್ನ ಓದಿನ ಕೆಲಸಕ್ಕೆಂದು ಮೂರು ಊರಿನ ರಕ್ತದಾನದ ಪುಸ್ತಕಗಳನ್ನು ಕೇಳಿ ತಂದಿದ್ದಳು. ಒಂದು ಕಾರ್ಕಳದ ಯುವಕ ಮಂಡಲದ್ದು, ಒಂದು ಉಡುಪಿಯ ಕಾಲೇಜೊಂದರದ್ದು, ಇನ್ನೊಂದು ಕಾಪುವಿನದ್ದು. ರಜೆಯಲ್ಲೆಲ್ಲ ಕೂತು ಸಾವಿರಕ್ಕೂ ಮೇಲೆ ಹೆಸರುಗಳನ್ನು ಯಂತ್ರಕ್ಕೆ ತುಂಬಿಸಿದ್ದಳು. ಕಾಲೇಜಿನಲ್ಲಿ ಅವಳಿಗೆ ದಿನಕ್ಕೆ ಒಂದೇ ಗಂಟೆ ಯಂತ್ರ ಸಿಗುತ್ತಿತ್ತು. ಮಂಗಳವಾರ ಎರಡರಿಂದ ಮೂರು.

ಇವರಿಗೆ ಹೇಳಿದೆ. ಇವರು ಕಾರ್ಕಳ ಉಡುಪಿ ಸರ್ವಿಸ್ ಬಸ್ಸಿನ ಡ್ರೈವರ್. ಹಗಲು ಬಸ್ಸು, ಬಿಟ್ಟರೆ ಆಸ್ಪತ್ರೆ. ಕಣ್ಣು ಕೆಂಪಾಗಿತ್ತು.

“ಆ ಪೆಟ್ಟಿಗೆಗೆ ನಮ್ಮ ಮಗಳು ಯಾರು ಎಂದು ಗೊತ್ತುಂಟಾ? ನೀನು ಇಗರ್ಜಿಗೆ ಹೋಗು, ಅದು ಬೇಕಾದರೆ ಸರಿ.”

“ಇಗರ್ಜಿಗೂ ಹೋಗುತ್ತೇನೆ, ಅಲ್ಲಿಗೂ ಹೋಗುತ್ತೇನೆ,” ಎಂದೆ.

ಕಂಪ್ಯೂಟರಿನ ಕೋಣೆಗೆ ಚಪ್ಪಲಿ ಬಿಚ್ಚಿ ಹೋಗಬೇಕಿತ್ತು. ನನಗೆ ಅದು ಸಮಾಧಾನ ಕೊಟ್ಟಿತು, ದೇವರು ಇರುವ ಜಾಗದ ಹಾಗೆ. ಒಳಗೆ ಕೊರೆಯುವ ಚಳಿ. ನನ್ನ ಸೀರೆಯ ಅಂಚು ಒದ್ದೆ, ಕೊಡೆಯಿಂದ ನೀರು. ಬಾಗಿಲು ಕಾಯುವವರು ಕೊಡೆಯನ್ನು ಹೊರಗೆ ಇಡಿಸಿದರು, ನನ್ನನ್ನು ಒಳಗೆ ಬಿಟ್ಟರು. ಅದೂ ಒಂದು ಮಣಿ.

“ಇದು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ ಆಂಟಿ,” ವಸುಧಾ ಕೀಲಿಗಳನ್ನು ಒತ್ತುತ್ತಾ ಹೇಳಿದಳು. “ಕೇಳುವ ಭಾಷೆಗೆ ಎಸ್‌ಕ್ಯೂಎಲ್ ಅಂತ ಹೆಸರು. ನಾನೂ ಈಗಷ್ಟೇ ಕಲಿಯುತ್ತಾ ಇದ್ದೇನೆ.”

ಪರದೆಯ ಮೇಲೆ ಒಂದು ಸಾಲು ಬಂತು.

“ಎಂತ ಹೇಳುತ್ತದೆ?”

“ಒಬ್ಬರೂ ಇಲ್ಲ ಅಂತ.”

ಸಾವಿರ ಜನರಲ್ಲಿ ಒಬ್ಬರೂ ಇಲ್ಲ. ಮನಸ್ಸು ಆಗಲೇ ಮಗಳ ಬಟ್ಟೆಗಳನ್ನು ಮಡಚಿ ಪೆಟ್ಟಿಗೆಗೆ ಹಾಕುತ್ತಿತ್ತು, ನಾನು ಬೇಡ ಬೇಡ ಎಂದರೂ ಹಾಕುತ್ತಿತ್ತು. ಅಷ್ಟರಲ್ಲಿ ವಸುಧಾ ತನ್ನ ತಲೆಗೆ ತಾನೇ ಒಂದು ಹೊಡೆದುಕೊಂಡಳು.

“ಅಯ್ಯೋ, ನಾನೊಂದು ದಡ್ಡಿ! ಮೂರು ಪಟ್ಟಿಯನ್ನು ಅಕ್ಕಪಕ್ಕ ಇಟ್ಟು ಹೆಸರಿಗೆ ಹೆಸರು ಹೊಂದಿಸಿದೆ. ಮೂರರಲ್ಲೂ ಇರುವವರನ್ನು ಮಾತ್ರ ಕೊಡು ಎಂದ ಹಾಗಾಯಿತು. ಕಾರ್ಕಳದಲ್ಲೂ ಉಡುಪಿಯಲ್ಲೂ ಕಾಪುವಿನಲ್ಲೂ ಹೆಸರು ಬರೆಸಿದವ ಯಾರಿದ್ದಾನೆ? ಒಂದರ ಕೆಳಗೆ ಒಂದು ಇಡಬೇಕಿತ್ತು. ಅದಕ್ಕೆ ಯೂನಿಯನ್ ಅಂತ ಬೇರೆ ಮಾತುಂಟು.”

ಅವಳು ಮತ್ತೆ ಕೇಳಿದಳು. ಈ ಸಲ ಯಂತ್ರ ಸುಮ್ಮನೆ ಕೂತಿತು. ಐದು ನಿಮಿಷ, ಹತ್ತು ನಿಮಿಷ. ಅದೇ ಯಂತ್ರದ ಬೇರೆ ಬೇರೆ ಪರದೆಗಳ ಮುಂದೆ ಹುಡುಗರು ಸಾಲಾಗಿ ಕೂತು ತಮ್ಮ ತಮ್ಮ ಕೆಲಸ ಕೊಡುತ್ತಿದ್ದರು, ಅದು ಎಲ್ಲರಿಗೂ ಸ್ವಲ್ಪ ಸ್ವಲ್ಪ ದುಡಿಯುತ್ತಿತ್ತಂತೆ. ಮೂರು ಗಂಟೆಯಾಯಿತು. ಮುಂದಿನವರು ಬಂದು ನಿಂತರು. ಉತ್ತರ ಬರಲಿಲ್ಲ.

ಹೊರಗೆ ಜಗಲಿಯಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದೆ, “ಟೀಚರ್, ನೀವು ಅದಕ್ಕೆ ಹೇಳಿದ್ದು ಎಂತ? ನನಗೆ ಅರ್ಥ ಆಗುವ ಹಾಗೆ ಹೇಳಿ.”

“ಮೂರು ಪಟ್ಟಿಯನ್ನೂ ಒಟ್ಟು ಮಾಡು, ಎರಡೆರಡು ಸಲ ಬಂದವರನ್ನು ತೆಗೆದುಹಾಕು, ಆಮೇಲೆ ಅದರಲ್ಲಿ ಓ ನೆಗೆಟಿವ್ ಯಾರು ಅಂತ ತೋರಿಸು. ಹೀಗೆ.”

“ಸಾವಿರ ಜನರನ್ನೂ ಒಟ್ಟು ಮಾಡಿಯಾ?”

“ಹೌದು.”

“ನನ್ನ ಹತ್ತಿರ ಮೂರು ಗೋಣಿ ಒಣಮೀನು ಇದ್ದು, ನನಗೆ ಸಿಗಡಿ ಮಾತ್ರ ಬೇಕಾದರೆ ಮೂರನ್ನೂ ಅಂಗಳಕ್ಕೆ ಸುರಿದು ಬೆರೆಸಿ ಆಮೇಲೆ ಹೆಕ್ಕುತ್ತೇನಾ? ಒಂದೊಂದು ಗೋಣಿಯಿಂದ ಸಿಗಡಿ ಮಾತ್ರ ಹೆಕ್ಕಿ ಒಂದು ತಡ್ಪೆಗೆ ಹಾಕುತ್ತೇನೆ. ಆಮೇಲೆ ಬೇಕಾದರೆ ತಡ್ಪೆ ನೋಡಿದರಾಯಿತು.”

ಅವಳು ಮಳೆಯಲ್ಲಿ ಕೊಡೆ ಬಿಡಿಸುವುದನ್ನು ಮರೆತು ನಿಂತಳು. “ಆಂಟಿ, ನಮ್ಮ ಪ್ರೊಫೆಸರು ಇದನ್ನು ಹೇಳಲು ಎರಡು ಕ್ಲಾಸು ತೆಗೆದುಕೊಂಡಿದ್ದರು. ನಾನು ಆಗ ಹಿಂದಿನ ಬೆಂಚಿನಲ್ಲಿದ್ದೆ.”

ಬುಧವಾರ ಬೆಳಿಗ್ಗೆ ಯಾರದ್ದೋ ಕೈಕಾಲು ಹಿಡಿದು ಅವಳು ಇನ್ನೊಂದು ಗಂಟೆ ಕೇಳಿಕೊಂಡಳು. ಈ ಸಲ ಒಂದೊಂದು ಪಟ್ಟಿಯಿಂದ ಓ ನೆಗೆಟಿವ್ ಮಾತ್ರ ಹೆಕ್ಕಿ ಆಮೇಲೆ ಒಟ್ಟು ಮಾಡು ಎಂದು ಬರೆದಳು. ಹಾಲು ಉಕ್ಕಿಬರುವಷ್ಟು ಹೊತ್ತೂ ಬೇಕಾಗಲಿಲ್ಲ, ಆರು ಹೆಸರು ಬಂತು. ಕಾರ್ಕಳದ ಇಬ್ಬರು, ಉಡುಪಿಯ ಮೂವರು, ಕಾಪುವಿನ ಒಬ್ಬರು. ಬೇಕಾದದ್ದು ಮೂರು, ಸಿಕ್ಕಿದ್ದು ಆರು. ನಾನು ಆ ಚಳಿಯ ಕೋಣೆಯಲ್ಲೇ ಶಿಲುಬೆಯ ಗುರುತು ಹಾಕಿಕೊಂಡೆ. ಪಕ್ಕದ ಹುಡುಗ ಓರೆಯಾಗಿ ನೋಡಿ ನಕ್ಕ. ನಗಲಿ.

ನಮ್ಮಲ್ಲಿ ಆಗ ಸುದ್ದಿ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಇವರು ಆರು ಚೀಟಿ ಬರೆದು ಆಯಾ ದಾರಿಯ ಕಂಡಕ್ಟರುಗಳ ಕೈಗೆ ಕೊಟ್ಟರು. ಯಂತ್ರವನ್ನು ಬೈದವರೇ ಚೀಟಿ ಬರೆಯುವಾಗ ಒಂದೊಂದು ಹೆಸರನ್ನೂ ಮಗುವಿನ ಹೆಸರು ಬರೆಯುವ ಹಾಗೆ ಬರೆದರು. ಸಂಜೆಯೊಳಗೆ ಉತ್ತರ ಬಂತು. ಕಾರ್ಕಳದ ಒಬ್ಬರು ಹೋದ ತಿಂಗಳಷ್ಟೇ ರಕ್ತ ಕೊಟ್ಟಿದ್ದರು, ಇನ್ನೊಬ್ಬರು ಬರುತ್ತೇನೆ ಎಂದರು. ಉಡುಪಿಯವರಲ್ಲಿ ಒಬ್ಬ ಬೊಂಬಾಯಿಗೆ ಹೋಗಿದ್ದ, ಒಬ್ಬನಿಗೆ ಕಾಮಾಲೆ, ಒಬ್ಬ ಬರುತ್ತೇನೆ ಎಂದ. ಉಳಿದದ್ದು ಕಾಪು. ಆ ದಾರಿಯ ಕಂಡಕ್ಟರ್ ಸಂಜೀವಣ್ಣ ವಾರ್ಡಿನ ಬಾಗಿಲಿನವರೆಗೆ ಬಂದು ನಿಂತರು, ಒಳಗೆ ಬರಲಿಲ್ಲ. ಒಳಗೆ ಬಾರದ್ದರಲ್ಲೇ ನನಗೆ ಗೊತ್ತಾಯಿತು.

“ಪೇಟೆಯಲ್ಲಿ ನಾಲ್ಕು ಅಂಗಡಿಯಲ್ಲಿ ಕೇಳಿದೆ ಬಾಯಮ್ಮ. ಹಸನಬ್ಬ ದುಬೈಗೆ ಹೋಗಿ ಎರಡು ವರ್ಷ ಆಯಿತಂತೆ.”

ಎರಡಾಯಿತು, ಮೂರಾಗಲಿಲ್ಲ. ಇವರು ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಈ ಮನುಷ್ಯ ಹೀಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಡಾಕ್ಟರರ ಹತ್ತಿರ ಹೋಗಿ, ಎರಡು ಬಾಟ್ಲಿಯಲ್ಲಿ ಮಾಡಿ ಎಂದು ಕೈ ಮುಗಿದೆ. ಅವರು ಸಿಟ್ಟು ಮಾಡಲಿಲ್ಲ. “ನನಗೂ ಮಕ್ಕಳಿದ್ದಾರಮ್ಮ. ಅರ್ಧದಲ್ಲಿ ರಕ್ತ ಮುಗಿದರೆ ನಾನು ಎಂತ ಮಾಡಲಿ, ನೀವೇ ಹೇಳಿ,” ಎಂದರು. ಅವರು ಸಿಟ್ಟು ಮಾಡಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಜಿನ್ನಿ ಗಂಜಿಯ ತಿಳಿಯನ್ನೂ ನುಂಗಲಿಲ್ಲ. ಉಗುರು ಒತ್ತಿದರೆ ಬಿಳಿ, ಬಿಟ್ಟರೂ ಬಿಳಿ. ವಸುಧಾಳ ಹತ್ತಿರ ಕೇಳಿ ಆ ಮೂರು ಪುಸ್ತಕಗಳನ್ನು ವಾರ್ಡಿಗೆ ತರಿಸಿಕೊಂಡಿದ್ದೆ. ಯಂತ್ರದ ಮೇಲೆ ಅಪನಂಬಿಕೆಯಿಂದ ಅಲ್ಲ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ ಎಂದು. ಮಡಿಲಲ್ಲಿ ಪುಸ್ತಕ, ಕೈಯಲ್ಲಿ ಜಪಸರ. ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಹೋಗುವುದು, ಓ ನೆಗೆಟಿವ್ ಬಂದರೆ ಒಂದು ಮಣಿ ದೂಡಿ ಅವರಿಗಾಗಿ ಒಂದು ನಮೋ ಮರಿಯೆ ಹೇಳುವುದು. ಬರುವವರಿಗೂ ಬಾರದವರಿಗೂ. ಕಾಮಾಲೆಯವನಿಗೂ.

ಕಾರ್ಕಳ ಮುಗಿಯಿತು, ಎರಡು ಮಣಿ. ಉಡುಪಿ ಮುಗಿಯಿತು, ಐದು. ಕಾಪುವಿನ ಪುಸ್ತಕದ ಮೂವತ್ತೆಂಟನೆಯ ಹೆಸರು, ‘ಕೆ. ಹಸನಬ್ಬ, ಮಸೀದಿ ಹತ್ತಿರ, ಕಾಪು’. ಆರು. ಪುಸ್ತಕ ಮುಚ್ಚಬಹುದಿತ್ತು. ಕೊನೆಯವರೆಗೆ ಹೋಗದಿದ್ದರೆ ಜಪ ಅರ್ಧ ಆಗುತ್ತದೆ ಎಂದು ಹಾಳೆ ತಿರುವುತ್ತಾ ಹೋದೆ. ನೂರಹನ್ನೆರಡನೆಯ ಹೆಸರಿಗೆ ಬೆರಳು ನಿಂತಿತು. ‘ಕೆ. ಹಸನಬ್ಬ, ಮಸೀದಿ ಹತ್ತಿರ, ಕಾಪು. ಓ ನೆಗೆಟಿವ್.’

ಜಪಸರದ ಹತ್ತು ಮಣಿಯ ಸಾಲಿನಲ್ಲಿ ಏಳು ಆಚೆ ಹೋಗಿ ಮೂರು ಉಳಿದಿತ್ತು. ಯಂತ್ರ ಕೊಟ್ಟದ್ದು ಆರೇ ಹೆಸರು. ಮತ್ತೆ ಎಣಿಸಿದೆ. ಮೂರೇ ಉಳಿಯಿತು.

ಆಗಲೇ ವಸುಧಾ ಪ್ಲಾಸ್ಕಿನಲ್ಲಿ ಕಾಪಿ ಹಿಡಿದುಕೊಂಡು ಬಂದಳು. ಪುಸ್ತಕ ತೋರಿಸಿದೆ. ಅವಳ ಮುಖದಲ್ಲಿ ಮರುಕ ಬಂತು.

“ಆಂಟಿ, ಅದು ಒಬ್ಬನೇ. ಎರಡು ಕ್ಯಾಂಪಿನಲ್ಲಿ ಎರಡು ಸಲ ಹೆಸರು ಬರೆಸಿದ್ದಾನೆ. ಹಾಗೆ ತುಂಬ ಜನ ಉಂಟು, ಅದಕ್ಕೇ ನಾನು ಯೂನಿಯನ್ ಹಾಕಿದ್ದು. ಅದು ಒಂದೇ ತರಹದ ಸಾಲು ಎರಡು ಬಂದರೆ ಒಂದನ್ನು ತೆಗೆದುಬಿಡುತ್ತದೆ.”

“ಒಬ್ಬನೇ ಅಂತ ಅದಕ್ಕೆ ಯಾರು ಹೇಳಿದ್ದು?”

“ಹೆಸರು ಒಂದೇ, ಊರು ಒಂದೇ, ಜಾಗ ಒಂದೇ, ರಕ್ತವೂ ಒಂದೇ. ಇನ್ನೆಂತ ಬೇಕು?”

“ಟೀಚರ್, ನನ್ನ ಹೆಸರು ಸೆವ್ರಿನ. ನನ್ನ ಅಜ್ಜಿಯ ಹೆಸರು. ನನ್ನ ದೊಡ್ಡಪ್ಪನ ಮಗಳೂ ಸೆವ್ರಿನ, ಚಿಕ್ಕಪ್ಪನ ಮಗಳೂ ಸೆವ್ರಿನ. ಒಂದೇ ಮನೆ, ಒಂದೇ ಅಡ್ಡಹೆಸರು. ತನ್ನ ಹೆಸರು ಇಡದಿದ್ದರೆ ಅಜ್ಜಿ ಮೂವರು ಗಂಡುಮಕ್ಕಳನ್ನೂ ಮನೆಯಲ್ಲಿ ಬದುಕಲು ಬಿಡುತ್ತಿದ್ದರಾ? ಶಿರ್ವದಲ್ಲಿ ನಮ್ಮ ಪಕ್ಕದ ಬ್ಯಾರಿಗಳ ಮನೆಯಲ್ಲೂ ಹಾಗೆಯೇ. ಅಜ್ಜನ ಹೆಸರಿನ ಮೊಮ್ಮಕ್ಕಳು ನಾಲ್ಕು ಜನ. ಒಬ್ಬ ದೊಡ್ಡ, ಒಬ್ಬ ಸಣ್ಣ, ಒಬ್ಬ ಕರಿಯ, ಒಬ್ಬ ಸೈಕಲ್. ಪುಸ್ತಕದಲ್ಲಿ ಎಲ್ಲರೂ ಒಂದೇ.”

ಅವಳು ಕಾಪಿ ಬಗ್ಗಿಸುವುದನ್ನು ನಿಲ್ಲಿಸಿದಳು. ಕಾಪುವಿನ ಪುಸ್ತಕದಲ್ಲಿ ವಯಸ್ಸಿನ ಕಾಲಂ ಇರಲಿಲ್ಲ. ಕ್ರಮಸಂಖ್ಯೆ ಇತ್ತು, ಅದನ್ನು ಅವಳು ಪ್ರಶ್ನೆಯಲ್ಲಿ ಸೇರಿಸಿರಲಿಲ್ಲ. “ಸೇರಿಸಿದ್ದರೆ ಎರಡೂ ಉಳಿಯುತ್ತಿತ್ತು,” ಎಂದು ತನಗೆ ತಾನೇ ಹೇಳಿಕೊಂಡಳು. “ಇಲ್ಲವಾದರೆ ಯೂನಿಯನ್ ಆಲ್ ಅಂತ ಹಾಕಿದ್ದರೂ ಸಾಕಿತ್ತು. ಅದು ಯಾರನ್ನೂ ತೆಗೆಯುವುದಿಲ್ಲ. ಬೇಗವೂ ಆಗುತ್ತಿತ್ತು. ನಾನು ಯಾಕೆ...” ಅವಳ ಕಣ್ಣು ತುಂಬಿತು.

“ಅಳಲಿಕ್ಕೆ ಸಮಯ ಇಲ್ಲ ಟೀಚರ್. ನೀವು ಮಗುವಿನ ಹತ್ತಿರ ಕೂತುಕೊಳ್ಳಿ.”

ಇವರು ಬಾಗಿಲಲ್ಲಿ ನಿಂತಿದ್ದರು. “ಅದು ಒಬ್ಬನೇ ಆದರೆ?” ಎಂದರು.

“ಒಬ್ಬನೇ ಆದರೆ ಈಗ ಇರುವುದಕ್ಕಿಂತ ಕೆಟ್ಟದ್ದು ಎಂತ ಆಗುತ್ತದೆ ಹೇಳಿ?”

ತುಳುವಿನ ಕಾರ್ತೆಲ್ ತಿಂಗಳ ಮಳೆ ಎಂದರೆ ಬಸ್ಸಿನ ಒರೆಸುವ ಕಡ್ಡಿ ಸೋತು ನಿಲ್ಲುವ ಮಳೆ. ಉಡುಪಿಯಲ್ಲಿ ಬಸ್ಸು ಬದಲಿಸಿ ಕಾಪುವಿನಲ್ಲಿ ಇಳಿದಾಗ ಹನ್ನೊಂದು ದಾಟಿತ್ತು. ಸಮುದ್ರದ ಸದ್ದು ರಸ್ತೆಯವರೆಗೆ ಬರುತ್ತಿತ್ತು. ಮಸೀದಿಯ ಹಿಂದಿನ ಓಣಿಯಲ್ಲಿ ಮನೆ ಸಿಕ್ಕಿತು. ಚಾವಡಿಯಲ್ಲಿ ಒಬ್ಬ ಮುದುಕಿ ಕೂತು ವೀಳ್ಯದೆಲೆ ಒರೆಸುತ್ತಿದ್ದರು. ತುಳುವಿನಲ್ಲಿ ಕೇಳಿದೆ, ಹಸನಬ್ಬ ಇದ್ದಾರಾ ಎಂದು.

“ನಿನ್ನೆಯೂ ಯಾರೋ ಕೇಳಿದರಂತೆ. ಅವನು ದುಬೈಯಲ್ಲಿ. ನಿಮಗೆ ಎಂತ ಆಗಬೇಕು ಬಾಯಮ್ಮ?”

“ಇನ್ನೊಬ್ಬ ಹಸನಬ್ಬ ಇಲ್ಲವಾ ಅಮ್ಮ?”

ಮುದುಕಿ ಎಲೆ ಮಡಚಿ ಬಾಯಿಗೆ ಇಟ್ಟರು.

“ಇದ್ದಾನಲ್ಲ. ನನ್ನ ಗಂಡನ ಹೆಸರು ಅದು. ಎರಡು ಮಕ್ಕಳೂ ತಮ್ಮ ಮೊದಲ ಹುಡುಗನಿಗೆ ಅದನ್ನೇ ಇಟ್ಟರು, ಒಬ್ಬನೂ ಬಿಟ್ಟುಕೊಡಲಿಲ್ಲ. ಸಣ್ಣವನನ್ನು ಯಾರೂ ಹಾಗೆ ಕರೆಯುವುದಿಲ್ಲ, ಟೈಲರ್ ಅನ್ನುತ್ತಾರೆ. ಪೇಟೆಯಲ್ಲಿ ಹೊಲಿಯುತ್ತಾನೆ. ಯಾಕೆ, ರವಿಕೆ ಹಾಳು ಮಾಡಿದನಾ?”

ನಾನು ಆ ಹೊಸ್ತಿಲಲ್ಲೇ ಕೂತೆ. ಮುದುಕಿ ನೀರು ತರಿಸಿದರು. ಕುಡಿಯುತ್ತಾ ಕುಡಿಯುತ್ತಾ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳುವ ಮೊದಲೇ ತಲೆಯ ಮೇಲೆ ಬಟ್ಟೆ ಎಳೆದುಕೊಂಡು ನನಗಿಂತ ಮುಂದೆ ಮಳೆಗೆ ಇಳಿದರು.

ಟೈಲರ್ ಅಂಗಡಿಯಲ್ಲಿ ಯೂನಿಫಾರ್ಮಿನ ರಾಶಿ. ಶಾಲೆ ಸುರುವಾಗಿತ್ತು, ತಾಯಂದಿರು ಮೂರು ಜನ ಎದುರು ನಿಂತು ಬೈಯುತ್ತಿದ್ದರು. ರಾಶಿಯ ಹಿಂದೆ ಇಪ್ಪತ್ತೈದರ ಆಚೀಚಿನ ತೆಳ್ಳಗಿನ ಒಬ್ಬ, ಕುತ್ತಿಗೆಗೆ ಅಳತೆಯ ಟೇಪು.

“ಹಸನಬ್ಬ ಎಂದರೆ ನೀವೇನಾ?” ಎಂದೆ.

ಅವನು ಮೆಷಿನ್ ನಿಲ್ಲಿಸಿ ನಕ್ಕ. “ಆ ಹೆಸರಿಗೆ ಬಂದದ್ದೆಲ್ಲ ಅವನಿಗೇ ಹೋಗುವುದು. ಕಾಗದ ಬಂದರೂ ಅವನಿಗೆ, ಹೆಣ್ಣಿನ ಕಡೆಯವರು ಬಂದರೂ ಅವನಿಗೆ. ನನ್ನನ್ನು ಹುಡುಕಿಕೊಂಡು ಆ ಹೆಸರಿನಲ್ಲಿ ಬಂದದ್ದು ನೀವೇ ಮೊದಲು ಬಾಯಮ್ಮ. ಎಂತ ಹೊಲಿಯಬೇಕು?”

ಅಜ್ಜಿ ಅವನಿಗೆ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು. ಅವನ ನಗು ಹೋಯಿತು. ಕಾಪುವಿನಲ್ಲಿ ಕ್ಯಾಂಪು ಆದಾಗ ದುಬೈಯ ಅಣ್ಣನ ರಕ್ತದ ಗುಂಪು ನೋಡಿ, ಇವನದ್ದೂ ಅದೇ ಇರಬಹುದು ಎಂದು ಇವನನ್ನೂ ಎಳೆದುಕೊಂಡು ಹೋಗಿ ನೋಡಿಸಿದ್ದರಂತೆ. ಅದರ ನಂತರ ಯಾರೂ ಕೇಳಿರಲಿಲ್ಲ. ಅವನು ಎದ್ದು ಕಾಲಿಗೆ ಚಪ್ಪಲಿ ಹುಡುಕಿದ.

“ನನ್ನ ಮಗನ ಚಡ್ಡಿ?” ಎಂದಳು ಎದುರು ನಿಂತವಳು.

“ನಾಳೆ ಅಕ್ಕ.”

“ನಿನ್ನ ನಾಳೆ ಕೇಳಿ ಕೇಳಿ ಅವನು ಎಸ್ಸೆಸ್ಸೆಲ್ಸಿ ಪಾಸಾಗುತ್ತಾನೆ!”

“ಆಗಲಿ ಅಕ್ಕ, ಆಗ ಪ್ಯಾಂಟೇ ಹೊಲಿಯುತ್ತೇನೆ,” ಎಂದು ಅವನು ಮಳೆಗೆ ಇಳಿದ.

ಬಸ್ಸಿನಲ್ಲಿ ಅವನು ನನ್ನ ಮುಂದಿನ ಸೀಟಿನಲ್ಲಿ ಕೂತ. ಆ ಒಂದು ಗಂಟೆ ನಾನು ಅವನ ಬೆನ್ನಿನಿಂದ ಕಣ್ಣು ತೆಗೆಯಲಿಲ್ಲ, ಎಲ್ಲಿ ಇಳಿದುಹೋಗುತ್ತಾನೋ ಎಂದು. ಮನಸ್ಸು ಎಷ್ಟು ಸಣ್ಣದು ನೋಡಿ. ಆಸ್ಪತ್ರೆಯಲ್ಲಿ ಮೊದಲು ಪರೀಕ್ಷೆ ಮಾಡಿದರು. ಪುಸ್ತಕದಲ್ಲಿ ಬರೆದದ್ದು ತಪ್ಪಿರಬಹುದು ಎಂದು ಆಗ ಹೊಳೆಯಿತು. ಬಾಗಿಲ ಹೊರಗೆ ನಿಂತು ಜಪಸರವನ್ನು ಹಿಂಡುತ್ತಿದ್ದೆ, ಎಣಿಸುತ್ತಿರಲಿಲ್ಲ. ನರ್ಸ್ ಹೊರಗೆ ಬಂದು ಹೆಬ್ಬೆರಳು ಎತ್ತಿ ತೋರಿಸಿದಳು.

ರಕ್ತ ಕೊಟ್ಟು, ಸಕ್ಕರೆ ಹೆಚ್ಚು ಹಾಕಿದ ಚಾ ಕುಡಿದು ಅವನು ಮಗುವನ್ನು ನೋಡುತ್ತೇನೆ ಎಂದ. ಜಿನ್ನಿ ಕಣ್ಣು ತೆರೆದು ಅವನ ಕುತ್ತಿಗೆ ನೋಡಿದಳು. ಟೇಪು ಅಲ್ಲೇ ಇತ್ತು, ತೆಗೆಯಲು ಅವನಿಗೆ ನೆನಪೇ ಇರಲಿಲ್ಲ.

“ನೀವು ಡಾಕ್ಟರಾ?”

“ಅಲ್ಲ ಮಗಾ, ಟೈಲರ್. ನಿನ್ನ ಯೂನಿಫಾರ್ಮ್ ಆಯಿತಾ?”

“ಮಮ್ಮಿ ಕೊಡಲೇ ಇಲ್ಲ.”

ಅವನು ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿದೆ. ಅವನಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಟೇಪು ಬಿಚ್ಚಿ, ಮಲಗಿದ್ದ ಹಾಗೆಯೇ ಅವಳ ಭುಜದಿಂದ ಭುಜಕ್ಕೆ ಹಿಡಿದ, ಭುಜದಿಂದ ಮೊಣಕಾಲಿಗೆ ಹಿಡಿದ. ಸೂಜಿ ಚುಚ್ಚಿದ ಕೈ ಬಿಟ್ಟು ಇನ್ನೊಂದು ಕೈಯ ತೋಳಿನ ಸುತ್ತಳತೆ ತೆಗೆದ. ಬರೆದುಕೊಳ್ಳಲು ಕಾಗದ ಇರಲಿಲ್ಲ. ಅಷ್ಟರಲ್ಲಿ ವಸುಧಾ ಬಂದಿದ್ದಳು, ಕೈಯಲ್ಲಿ ಹಸಿರು ಬಿಳಿ ಪಟ್ಟೆಯ ಒಂದು ಹಾಳೆ. ನಾನು ಕಾಪುವಿನಿಂದ ಬಂದ ಮೇಲೆ ಅವಳು ಓಡಿಹೋಗಿ ಮತ್ತೊಮ್ಮೆ ಕೇಳಿದ್ದಳಂತೆ, ಈ ಸಲ ಯೂನಿಯನ್ ಆಲ್ ಎಂದು. ಏಳು ಸಾಲು. ಅದರ ಹಿಂಬದಿಯಲ್ಲಿ ಅವನು ಅಳತೆ ಬರೆದು, ಒಂದು ಚೂರು ಹರಿದುಕೊಂಡು ಜೇಬಿಗೆ ಹಾಕಿದ.

“ಒಂದಿಂಚು ಹೆಚ್ಚು ಇಡುತ್ತೇನೆ ಬಾಯಮ್ಮ. ಬೆಳೆಯುವ ಮಕ್ಕಳು.”

ಸೋಮವಾರದಿಂದ ಬಾರದ ಅಳು ನನಗೆ ಆಗ ಬಂತು. ಆ ಒಂದಿಂಚಿಗೆ.

ಶುಕ್ರವಾರದ ಬಗ್ಗೆ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ. ಮೂರನೆಯ ಬಾಟ್ಲಿಯೂ ಪೂರ್ತಿ ಬೇಕಾಯಿತು ಎಂದು ಡಾಕ್ಟರು ಆಮೇಲೆ ಹೇಳಿದರು. ಅಷ್ಟು ಸಾಕು. ಮನೆಗೆ ಹೋಗಿ ಸಂತನನ್ನು ಈ ಕಡೆ ತಿರುಗಿಸಿದೆ, ಕ್ಷಮೆ ಕೇಳಿದೆ, ಕಾಲ ಕೆಳಗೆ ಆ ಹಾಳೆ ಹಾಸಿದೆ. ಜುಲೈ ಕೊನೆಗೆ ಜಿನ್ನಿ ಶಾಲೆಗೆ ಹೋದಳು, ಸ್ವಲ್ಪ ದೊಗಲೆಯಾದ ನೀಲಿ ಯೂನಿಫಾರ್ಮಿನಲ್ಲಿ.

ಅಂದಿನಿಂದ ಸಂಜೆಯ ತೇರ್ಸದ ಕೊನೆಯಲ್ಲಿ ಹಸನಬ್ಬ ಎಂಬ ಹೆಸರನ್ನು ಎರಡು ಸಲ ಹೇಳುತ್ತೇನೆ. ಕೊಟ್ಟವನಿಗೆ ಒಂದು ಮಣಿ. ದೂರದ ಊರಿನಲ್ಲಿ ಇದ್ದ, ನಾನು ಕಂಡೇ ಇಲ್ಲದ ಇನ್ನೊಬ್ಬನಿಗೆ ಒಂದು. ಜಿನ್ನಿ ಒಮ್ಮೆ ನಕ್ಕು ಹೇಳಿದಳು, ಒಂದೇ ಸಲ ಹೇಳಿದರೆ ದೇವರಿಗೆ ಗೊತ್ತಾಗುವುದಿಲ್ಲವಾ ಎಂದು. ದೇವರಿಗೆ ಗೊತ್ತಾಗುತ್ತದೆ. ಒಂದನ್ನು ಬಿಟ್ಟುಬಿಟ್ಟರೆ ಏನಾಗುತ್ತದೆ ಎಂದು ಗೊತ್ತಿರುವವಳು ನಾನು.

ಮೊನ್ನೆ ಲಲಿತಾಳ ಮಾತು ಕೇಳಿ ಮೇಣ ಒರೆಸಿ, ಸೀರೆ ಬದಲಿಸಿ ಕಾಪುವಿಗೆ ಹೋದೆ. ಇವರು ತೀರಿಹೋಗಿ ಈಗ ಆರು ವರ್ಷ, ಬಸ್ಸಿನಲ್ಲಿ ಒಬ್ಬಳೇ. ದಾರಿಯುದ್ದಕ್ಕೂ ಅದೇ ಹಳೆಯ ಹೆದರಿಕೆ, ಅದೇ ಬೆನ್ನು ಕಣ್ಣ ಮುಂದೆ. ಓಣಿಯ ಬಾಯಲ್ಲಿ ಗಂಡಸರು ನಿಂತಿದ್ದರು. ಅವರ ನಡುವಿನಿಂದ ಬಿಳಿ ಗಡ್ಡದ ತೆಳ್ಳಗಿನವರೊಬ್ಬರು ನನ್ನನ್ನು ಕಂಡು ಮುಂದೆ ಬಂದರು. ಕಣ್ಣು ಅತ್ತು ಊದಿತ್ತು.

“ನಾನಲ್ಲ ಬಾಯಮ್ಮ, ಅಣ್ಣ,” ಎಂದರು. “ಬೆಳಿಗ್ಗೆಯಿಂದ ಹತ್ತು ಜನರಿಗೆ ಹೇಳಿದೆ, ನಾನಲ್ಲ ಎಂದು. ಆ ಹೆಸರಿಗೆ ಬಂದದ್ದು ಇದೂ ಅವನಿಗೇ ಹೋಯಿತು.”

ನನಗೆ ಆದ ಸಂತೋಷಕ್ಕೆ ನಾಚಿಕೆಯಾಯಿತು. ಸಾವಿನ ಮನೆಯ ಎದುರು ನಿಂತು ದೇವರಿಗೆ ಸ್ತೋತ್ರ ಹೇಳುವುದು ಹೇಗೆ? ಒಳಗೆ ಹೆಂಗಸರ ಹತ್ತಿರ ಹೋಗಿ ಕೂತೆ. ಇಷ್ಟು ವರ್ಷ ಹೆಸರು ಹೇಳಿದವರ ಮುಖ ಮೊದಲ ಸಲ ನೋಡಿದೆ. ತಮ್ಮನದ್ದೇ ಮೂಗು, ತಮ್ಮನದ್ದೇ ಹಣೆ. ಸೆರಗಿನ ಒಳಗೆ ಜಪಸರ ಹುಡುಕಿ ಎರಡು ಮಣಿ ದೂಡಿದೆ. ಒಂದಕ್ಕೆ ಆಯುಸ್ಸು ಕೇಳಿದೆ, ಇನ್ನೊಂದಕ್ಕೆ ವಿಶ್ರಾಂತಿ.